ಹಳು ಸವರುವ ಮೊದಲು ಸಸಿ ಹುಡುಕಿ

(ಶಿರಸಿಯಲ್ಲಿ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದವರು, ಗ್ರಾಮ ಅರಣ್ಯ ಸಮಿತಿಯವರು ಮತ್ತು ಕರಾವಳಿಯಿಂದ ಬಂದ ಗಾಳಿ ಮರದ ತೋಪಿನವರ ಮುಂದೆ ಆಡಿದ ಮಾತಿನ ಬರಹ ರೂಪ)

ಜೂನ್‌ನಲ್ಲಿ ಸಸಿ ನೆಡುವ ದಿನ ಊರಿಗೂರೇ ಬೆಟ್ಟಕ್ಕೆ ಬರುತ್ತದೆ. ಗುಂಡಿ ಎಣಿಸಿದ್ದಾಗುತ್ತದೆ, ಫೋಟೊ ತೆಗೆಸಿಕೊಂಡದ್ದಾಗುತ್ತದೆ. ಅದೇ ಜಾಗಕ್ಕೆ ಅಕ್ಟೋಬರಿನಲ್ಲಿ ಹೋದರೆ ಎದೆಮಟ್ಟದ ಹಳು, ಅಂದರೆ ಕಳೆ, ಪೊದೆ, ಬಳ್ಳಿ. ಸಸಿ ಎಲ್ಲಿದೆ ಎಂದು ನೆಟ್ಟವರಿಗೂ ಗೊತ್ತಾಗುವುದಿಲ್ಲ. ಸಸಿ ಯಾಕೆ ಸತ್ತಿತು ಎಂದು ಕೇಳಿದರೆ ಬರುವ ಉತ್ತರ ಎರಡೇ: ದನ ತಿಂದಿತು, ಇಲ್ಲವೇ ಬೇಸಿಗೆಯಲ್ಲಿ ಒಣಗಿತು. ಮೂರನೆಯ ಕಾರಣವನ್ನು ಯಾರೂ ಹೇಳುವುದಿಲ್ಲ. ಹಳು ಸವರಲು ಹೋದ ಕತ್ತಿಯೇ ಸಸಿಯನ್ನೂ ಸವರಿಕೊಂಡು ಬಂದಿರುತ್ತದೆ.

ಇವತ್ತಿನ ಮಾತೆಲ್ಲ ಇದರ ಸುತ್ತಲೇ ಇದೆ. ನೆಟ್ಟ ಸಸಿಯ ಸುತ್ತ ಹಳು ಸವರುವುದು ನೆಲ ಚೊಕ್ಕ ಮಾಡುವ ಕೆಲಸವಲ್ಲ. ಸಸಿಯ ಕುಡಿಗೆ ಬೆಳಕು ಬೀಳಬೇಕು, ಬೇರಿಗೆ ನೀರು ಉಳಿಯಬೇಕು. ಈ ಎರಡಕ್ಕೆ ಎಷ್ಟು ಬೇಕೋ ಅಷ್ಟು ಸವರಿದರೆ ಸಾಕು. ಅದರಾಚೆ ಸವರಿದ್ದು ಕೂಲಿಗೆ ದಂಡ, ಎಷ್ಟೋ ಸಲ ಸಸಿಗೂ ಕೇಡು.

ಮೊದಲು ಪೈಪೋಟಿ ಯಾವುದಕ್ಕೆ ಎಂದು ಬಿಡಿಸಿ ನೋಡೋಣ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಿದ್ದು ಮುಗಿಯುತ್ತದೆ. ಆ ನಾಲ್ಕು ತಿಂಗಳು ನೀರಿಗೆ ಜಗಳವಿಲ್ಲ, ಜಗಳ ಬೆಳಕಿಗೆ. ಮೋಡದ ಮಬ್ಬಿನಲ್ಲಿ ಬೆಳಕು ಮೊದಲೇ ಕಡಿಮೆ, ಅದರ ಮೇಲೆ ಹಳುವಿನ ನೆರಳು. ಸಸಿ ಬೆಳಕು ಅರಸಿ ಮೇಲಕ್ಕೆ ಏಳುತ್ತಲೇ ಹೋಗುತ್ತದೆ, ಕಾಂಡ ದಪ್ಪಗಾಗುವುದಿಲ್ಲ. ಅಕ್ಟೋಬರ್ ನಡುವಿಗೆ ಮಳೆ ಹಿಂದೆಗೆದ ಮೇಲೆ ಜಗಳ ಮಣ್ಣಿನೊಳಗೆ ಇಳಿಯುತ್ತದೆ. ಮೊದಲ ವರ್ಷದ ಸಸಿಯ ಹೀರುಬೇರು ಹೆಚ್ಚಿನವು ಮೇಲಿನ ಒಂದಡಿ ಮಣ್ಣಿನಲ್ಲೇ ಇರುತ್ತವೆ. ಕರಡದ ಬೇರಿನ ಜಡೆಯೂ ಅಲ್ಲೇ. ಕರಡ ಮೊಣಕಾಲೆತ್ತರದ ಹುಲ್ಲು, ಸಸಿಗೆ ನೆರಳು ಮಾಡುವುದಿಲ್ಲ, ಅದಕ್ಕೇ ನಾವು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನವೆಂಬರಿನಲ್ಲಿ ಸಸಿಯ ಪಾಲಿನ ನೀರು ಕುಡಿದು ಮುಗಿಸುವುದು ಇದೇ ಹುಲ್ಲು. ಮೇಲೆ ಕೊಯ್ದರೆ ಬೇರು ಕುಡಿಯುವುದನ್ನು ಬಿಡುವುದಿಲ್ಲ, ಮತ್ತೆ ಚಿಗುರುತ್ತದೆ. ಗುದ್ದಲಿಯಲ್ಲಿ ಬುಡಸಮೇತ ಕೆತ್ತಿ ತೆಗೆಯಬೇಕು. ಹಾಗಾಗಿ ಒಂದೇ ಹೆಸರಿನ ಕೆಲಸದೊಳಗೆ ಎರಡು ಕೆಲಸಗಳಿವೆ. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಕತ್ತಿಯದ್ದು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನವರೆಗೆ ಗುದ್ದಲಿಯದ್ದು. ತೇಗದ ನೆಡುತೋಪುಗಳಲ್ಲಿ ಮೊದಲ ವರ್ಷ ಮೂರು ಸಲ, ಎರಡನೇ ವರ್ಷ ಎರಡು ಸಲ, ಮೂರನೇ ವರ್ಷ ಒಂದು ಸಲ ಕಳೆ ತೆಗೆಯುವುದು ಹಳೆಯ ರೂಢಿ. ಕೈಯಲ್ಲಿ ಒಂದೇ ಸಲದ ಕೂಲಿಗೆ ದುಡ್ಡಿದ್ದರೆ? ಬೆಳಕು ಬೇಡುವ ತೇಗದಂಥವಕ್ಕೆ ಆಗಸ್ಟಿನ ಕೆಲಸ ಮಾಡಿಸಿ, ಹುಲ್ಲು ದಟ್ಟವಾಗಿರುವ ಬೇಣದಲ್ಲಿ ಅಕ್ಟೋಬರಿನ ಕೆಲಸ ಮಾಡಿಸಿ. ಜನವರಿಯಲ್ಲಿ ಮಾತ್ರ ಮಾಡಿಸಬೇಡಿ. ಆಗ ಹಳು ತಾನೇ ಒಣಗುತ್ತಿರುತ್ತದೆ, ಸಸಿಗೆ ಬೇಕಾಗಿದ್ದ ನೀರು ಮುಗಿದಿರುತ್ತದೆ, ಯುಪಟೋರಿಯಂ ಎಂಬ ಕಳೆಯ ಬೀಜ ಹಾರಲು ತಯಾರಾಗಿರುತ್ತದೆ. ಅಲ್ಲಾಡಿಸಿದರೆ ನಾವೇ ಬಿತ್ತಿದಂತೆ.

ಎಳೆ ಮರಗಳ ಸುತ್ತ ಕಳೆ ತೆಗೆಯುವ ಬಗ್ಗೆ ಸಿಗುವ ಮಾಹಿತಿ ಬಹುಪಾಲು ಚಳಿ ಸೀಮೆಯ ಸೂಜಿ ಎಲೆಯ ಮರಗಳದ್ದು: ಪೈನ್, ಸ್ಪ್ರೂಸ್, ಫರ್, ನಮ್ಮ ದೇಶದಲ್ಲಾದರೆ ಹಿಮಾಲಯದ ದೇವದಾರು. ಅಲ್ಲಿಂದ ಕಲಿಯಬೇಕಾದ್ದು ಇದೆ, ಇಲ್ಲಿಗೆ ತರಬಾರದ್ದೂ ಇದೆ. ಅಲ್ಲಿ ಮೊದಲ ಕೆಲವು ವರ್ಷ ಸಸಿಯ ಸುತ್ತ ಸುಮಾರು ಒಂದು ಮೀಟರ್ ಅಗಲದ ವೃತ್ತವನ್ನು ಮಾತ್ರ ಕಳೆ ಇಲ್ಲದಂತೆ ಇಟ್ಟುಕೊಳ್ಳುತ್ತಾರೆ, ಇಡೀ ತೋಪನ್ನು ಬೋಳಿಸುವುದಿಲ್ಲ. ಉತ್ತರ ಯುರೋಪಿನ ಸ್ಪ್ರೂಸ್ ತೋಪುಗಳಲ್ಲಿ ಬರ್ಚ್ ಎಂಬ ಅಗಲ ಎಲೆಯ ಮರ ತಾನಾಗಿ ಹುಟ್ಟಿ ಮೇಲೇಳುತ್ತದೆ. ಅದು ಸ್ಪ್ರೂಸಿನ ಪಕ್ಕಕ್ಕೇ ಬಂದರೆ ಗಾಳಿಗೆ ತೂಗಿ ತೂಗಿ ಚಾಟಿಯ ಹಾಗೆ ಸ್ಪ್ರೂಸಿನ ಕುಡಿಮೊಗ್ಗು ಉದುರಿಸುತ್ತದೆ, ಕುಡಿ ಕವಲೊಡೆದು ಮರ ಸೊಟ್ಟಗಾಗುತ್ತದೆ. ಹಾಗೆಂದು ಬರ್ಚನ್ನೆಲ್ಲ ಕಡಿದರೂ ಕಷ್ಟ. ಬಯಲಾದ ನೆಲದಲ್ಲಿ ವಸಂತದ ಇಬ್ಬನಿ ಹೆಪ್ಪುಗಟ್ಟಿ ಸ್ಪ್ರೂಸಿನ ಎಳೆ ಚಿಗುರು ಸುಡುತ್ತದೆ. ಹಾಗಾಗಿ ಸ್ಪ್ರೂಸಿಗೆ ತಾಗುವಷ್ಟು ಹತ್ತಿರದ ಬರ್ಚ್ ತೆಗೆದು, ದೂರದ್ದನ್ನು ಮರೆಯಾಗಿ ಕೆಲವು ವರ್ಷ ಉಳಿಸುತ್ತಾರೆ. ನಮ್ಮಲ್ಲಿ ಆ ಚಳಿಯಿಲ್ಲ, ಆದರೆ ಮಾರ್ಚ್‌ನ ಪಡುವಣ ಬಿಸಿಲಿದೆ. ಪಕ್ಕದ ಮರೆ ಇಲ್ಲಿಯೂ ಬೇಕು, ಕಾರಣ ಮಾತ್ರ ಬೇರೆ.

ತರಬಾರದ್ದರಲ್ಲಿ ಮೊದಲನೆಯದು ಕಳೆನಾಶಕದ ಧೈರ್ಯ. ಸೂಜಿ ಎಲೆಯ ಎಷ್ಟೋ ಜಾತಿಗಳ ಎಲೆಯ ಮೇಲೆ ಮೇಣದ ಲೇಪವಿದೆ. ಶರತ್ಕಾಲದಲ್ಲಿ ಆ ವರ್ಷದ ಚಿಗುರು ಬಲಿತು ಮೊಗ್ಗು ಮುಚ್ಚಿಕೊಂಡ ಮೇಲೆ ಕೆಲವು ಔಷಧಿಗಳನ್ನು ಸಿಂಪಡಿಸಿದರೂ ಅವು ತಡೆದುಕೊಳ್ಳುತ್ತವೆ, ಕಳೆ ಸಾಯುತ್ತದೆ. ನಮ್ಮ ಹೊನ್ನೆ, ನಂದಿ, ಹೆಬ್ಬಲಸಿಗೆ ಆ ರಕ್ಷಣೆ ಇಲ್ಲ. ಗಾಳಿಗೆ ತೇಲಿ ಬಂದ ಹನಿ ಎಲೆಗೆ ಬಿದ್ದರೂ ಸಾಕು, ಎಳೆ ಕಾಂಡದ ಹಸಿರು ಸಿಪ್ಪೆಗೆ ತಾಗಿದರೂ ಸಾಕು. ಹಳುವಿನಡಿ ತಾನಾಗಿ ಹುಟ್ಟಿದ ಕಾಡು ಸಸಿ ಯಾವುದನ್ನೂ ಔಷಧಿ ಗುರುತಿಸುವುದಿಲ್ಲ. ಬೆಟ್ಟದ ನೀರು ಇಳಿಯುವುದು ಕೆಳಗಿನ ಅಡಿಕೆ ತೋಟಕ್ಕೆ, ಬಾವಿಗೆ. ಮಿಶ್ರ ಜಾತಿಯ ಬೆಟ್ಟದಲ್ಲಿ ಕಳೆನಾಶಕ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ಕತ್ತಿಯ ತಪ್ಪಿನ ವಿಷಯ. ಪೈನ್, ಸ್ಪ್ರೂಸ್‌ನಂಥ ಬಹುತೇಕ ಸೂಜಿ ಎಲೆಯ ಮರಗಳನ್ನು ಕೆಳಗಿನ ಹಸಿರು ಟೊಂಗೆಗಿಂತ ತಗ್ಗಿನಲ್ಲಿ ಕಡಿದರೆ ಅಲ್ಲಿಗೆ ಮುಗಿಯಿತು, ಬುಡ ಚಿಗುರುವುದಿಲ್ಲ. ತೇಗ ಹಾಗಲ್ಲ, ನೆಲಮಟ್ಟಕ್ಕೆ ಕಡಿದರೂ ಕುಳೆಯಿಂದ ಎದ್ದು ಬರುತ್ತದೆ. ಮತ್ತಿ, ನಂದಿ, ಕಿಂದಳ ಎಲ್ಲವೂ ಕುಳೆ ಚಿಗುರುತ್ತವೆ. ಈ ಗುಣ ಗೊತ್ತಿರುವುದರಿಂದಲೇ ನಮ್ಮ ಕೈ ಸಡಿಲವಾಗಿದೆ. ಆದರೆ ಬುಡ ಬಲಿಯದ ಒಂದು ವರ್ಷದ ಹೊನ್ನೆಯನ್ನು, ಮುರುಗಲನ್ನು ಅದೇ ಧೈರ್ಯದಲ್ಲಿ ಕಡಿಯುವ ಹಾಗಿಲ್ಲ.

ಕರಾವಳಿಯವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಭಾರತದಲ್ಲಿ ಗಾಳಿ ಮರದ, ಅಂದರೆ ಸರ್ವೆ ಅಥವಾ ಕ್ಯಾಸುರಿನಾದ, ನೆಡುತೋಪು ಮೊದಲು ಶುರುವಾದದ್ದು ಕಾರವಾರದ ಕಡಲಂಚಿನಲ್ಲಿ, 1868ರಲ್ಲಿ. ದೂರದಿಂದ ನೋಡಿದರೆ ಪೈನ್ ಮರದ ಹಾಗೇ ಕಾಣುತ್ತದೆ, ಕಾಯಿಯೂ ಪುಟ್ಟ ಪೈನ್ ಕಾಯಿಯಂತೆ. ಆದರೆ ಇದು ಹೂ ಬಿಡುವ ಜಾತಿಯ ಮರ. ಒಂದು ‘ಸೂಜಿ’ಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ; ಗಂಟಿನಲ್ಲಿ ಕಳಚಿ ಬರುತ್ತದೆ. ಕಳಚಿದ ಅಂಚನ್ನು ಬೆಳಕಿಗೆ ಹಿಡಿದರೆ ಸುತ್ತಲೂ ಆರೇಳು ಸಣ್ಣ ಹಲ್ಲು ಕಾಣುತ್ತವೆ. ಅವೇ ನಿಜವಾದ ಎಲೆ. ನಾವು ಸೂಜಿ ಎಂದುಕೊಂಡಿದ್ದು ಹಸಿರು ಕಡ್ಡಿ. ಜಾತಿ ಬೇರೆಯಾದರೂ ಗುಣ ಎರಡು ವಿಷಯದಲ್ಲಿ ಪೈನ್‌ನದ್ದೇ: ನೆರಳು ಸಹಿಸುವುದಿಲ್ಲ, ಕಡಿದರೆ ಸರಿಯಾಗಿ ಚಿಗುರುವುದಿಲ್ಲ. ಕಾರವಾರದ ದೇವಬಾಗದಲ್ಲಾಗಲಿ ಹೊನ್ನಾವರದ ಕಾಸರಕೋಡಿನಲ್ಲಾಗಲಿ ಗಾಳಿ ಸಸಿಯ ಬುಡಕ್ಕೆ ಕತ್ತಿ ತಾಗಿತೆಂದರೆ ಆ ಸಸಿ ಹೋಯಿತೆಂದೇ ತಿಳಿಯಿರಿ.

ಮರಳಿನ ಮೇಲೆ ಇನ್ನೊಂದು ಎಚ್ಚರ ಬೇಕು. ಅಲ್ಲಿ ಸಸಿಯ ಪಕ್ಕ ಹರಡುವುದು ರಾವಣನ ಮೀಸೆ ಎಂಬ ಚೂಪು ಹುಲ್ಲು ಮತ್ತು ನೇರಳೆ ಬಣ್ಣದ ಹೂವಿನ, ಮೇಕೆಯ ಗೊರಸಿನಂಥ ಎಲೆಯ ಅಡುಂಬು ಬಳ್ಳಿ. ಮರಳನ್ನು ಹಿಡಿದು ನಿಲ್ಲಿಸಿರುವುದೇ ಅವು. ಕಳೆ ಎಂದು ಅವನ್ನು ಕಿತ್ತು ಬಯಲು ಮಾಡಿದರೆ ಗಾಳಿಗೆ ಮರಳು ಹಾರಿ ಒಂದು ಕಡೆ ಸಸಿಯ ಬೇರು ಮೇಲೆ ಬರುತ್ತದೆ, ಇನ್ನೊಂದು ಕಡೆ ಕುಡಿಯವರೆಗೂ ಹೂತುಹೋಗುತ್ತದೆ. ಬಳ್ಳಿ ಸಸಿಯ ಮೇಲೆ ಹತ್ತಿದ್ದರೆ ಬಿಡಿಸಿ ಪಕ್ಕಕ್ಕೆ ತಿರುಗಿಸಿ ಬಿಡಿ, ಬುಡದ ಸುತ್ತ ಒಂದು ಗೇಣು ಜಾಗ ಬಿಡಿಸಿ, ಅಷ್ಟೇ. ಎರಡು ವರ್ಷದ ನಂತರ ಆ ಕೆಲಸವೂ ಬೇಡ. ತೋಪು ಕೂಡಿಕೊಂಡ ಮೇಲೆ ಉದುರಿದ ಕಡ್ಡಿಯ ಹಾಸಿನಡಿ ಬೇರೇನೂ ಹೆಚ್ಚು ಏಳುವುದಿಲ್ಲ.

ಇನ್ನು ಘಟ್ಟದ ಮೇಲಿನ ಹಳು. ಇದರಲ್ಲಿ ಯುಪಟೋರಿಯಂನದ್ದೇ ದೊಡ್ಡ ಪಾಲು. ವಿಜ್ಞಾನಿಗಳು ಈಗ ಕ್ರೊಮೊಲೆನಾ ಎನ್ನುತ್ತಾರೆ, ಕೆಲವು ಕಡೆ ಕಮ್ಯುನಿಸ್ಟ್ ಗಿಡ ಎಂದೂ ಹೆಸರಿದೆ. ಮೂಲ ಅಮೆರಿಕ ಖಂಡದ್ದು. ಎದುರುಬದುರು ಎಲೆ, ಬುಡದಿಂದ ಮೂರು ನರ ತ್ರಿಶೂಲದ ಹಾಗೆ ಎದ್ದಿರುತ್ತದೆ, ತಿಕ್ಕಿದರೆ ಘಾಟು ವಾಸನೆ. ಕಳೆದ ವರ್ಷ ಸವರಿದ ಒಂದು ಗಿಡವನ್ನು ಮಳೆಗಾಲದಲ್ಲಿ ಬೇರುಸಮೇತ ಕಿತ್ತು ಕೈಯಲ್ಲಿ ಹಿಡಿದು ನೋಡಿ. ಕಾಂಡ ಮತ್ತು ಬೇರು ಸೇರುವಲ್ಲಿ ಒಂದು ಗಟ್ಟಿ ಗಂಟಿದೆ. ಗಂಟಿನ ಮೇಲೆ ಕತ್ತಿ ಓರೆಯಾಗಿ ತಾಗಿದ ಒಣ ಮೋಟು, ಅದರ ಸುತ್ತ ನಾಲ್ಕಾರು ಹೊಸ ಚಿಗುರು. ನಾವು ಒಂದು ಕಾಂಡ ಕಡಿದು ನಾಲ್ಕು ಮಾಡಿದ್ದೇವೆ. ಕತ್ತಿಯಿಂದ ಯುಪಟೋರಿಯಂ ಸೋಲುವುದಿಲ್ಲ ಎನ್ನುವುದಕ್ಕೆ ಆ ಗಂಟೇ ಸಾಕ್ಷಿ.

ಹಾಗಾದರೆ ಏನು ಮಾಡಬೇಕು? ಸಸಿಯ ವೃತ್ತದೊಳಗೆ ಇರುವುದನ್ನು ಕಿತ್ತೇ ತೆಗೆಯಬೇಕು. ಜುಲೈ, ಆಗಸ್ಟಿನಲ್ಲಿ ನೆಲ ನೆನೆದಿರುವಾಗ ಬುಡ ಹಿಡಿದು ಎಳೆದರೆ ಗಂಟೂ ಸೇರಿ ಬರುತ್ತದೆ, ಏಕೆಂದರೆ ಅದರ ಬೇರು ಆಳಕ್ಕಿಂತ ಅಗಲಕ್ಕೆ ಹೆಚ್ಚು. ಹಳೆಯ ಬುಡವಾದರೆ ಪಿಕಾಸಿಯಿಂದ ಒಂದು ಮೀಟು ಬೇಕಾಗಬಹುದು. ಕಿತ್ತದ್ದನ್ನು ಒದ್ದೆ ನೆಲದಲ್ಲಿ ಹಾಗೇ ಮಲಗಿಸಬೇಡಿ, ಮಣ್ಣು ಕೊಡವಿ ಬೇರು ಮೇಲೆ ಮಾಡಿ ಪಕ್ಕದ ಹಳುವಿನ ಮೇಲೆ ಒರಗಿಸಿ. ಇಲ್ಲದಿದ್ದರೆ ಮಳೆಯಲ್ಲಿ ಮತ್ತೆ ಬೇರು ಬಿಡುತ್ತದೆ. ವೃತ್ತದ ಹೊರಗಿನದನ್ನು ಸೊಂಟದೆತ್ತರಕ್ಕೆ ಮುರಿದು ಬಗ್ಗಿಸಿದರೂ ಸಾಕು, ಸಸಿಗೆ ಬೆಳಕು ಬಿತ್ತು. ಹೂ ಬರುವುದು ಹೆಚ್ಚಾಗಿ ನವೆಂಬರಿನ ನಂತರ. ಬೀಜ ಅರ್ಧ ಸೆಂಟಿಮೀಟರ್ ಉದ್ದದ ಕಡ್ಡಿ, ತುದಿಗೆ ಕೂದಲಿನ ಕುಚ್ಚು. ಗಾಳಿಗೂ ಹಾರುತ್ತದೆ, ಬಟ್ಟೆಗೂ ಅಂಟಿಕೊಂಡು ಬರುತ್ತದೆ. ಹೂವಿಗೆ ಮೊದಲು ಕೊಯ್ದ ಹಸಿ ಸೊಪ್ಪು ತೋಟಕ್ಕೆ ಒಳ್ಳೆಯ ಗೊಬ್ಬರ. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವಷ್ಟೇ ಉತ್ಸಾಹದಲ್ಲಿ ಸೆಪ್ಟೆಂಬರಿನಲ್ಲಿ ಯುಪಟೋರಿಯಂ ಸೊಪ್ಪು ಕೊಯ್ದು ತಂದರೆ ತೋಟಕ್ಕೂ ಲಾಭ, ಸಸಿಗೂ ಲಾಭ. ದರಕು ಪೂರ್ತಿ ಗುಡಿಸಿದಲ್ಲಿ ಸಸಿಯ ಬುಡ ಬರಿದಾಗುತ್ತದೆ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಲಂಟಾನದ ವಿಷಯ ಸ್ವಲ್ಪ ಬೇರೆ. ಅದು ಚಿಗುರುವುದು ಬುಡದ ಕೊರಳಿನಿಂದ, ಅಂದರೆ ಕಾಂಡ ಮಣ್ಣು ಸೇರುವ ಜಾಗದಿಂದ. ಪಿಕಾಸಿಯಿಂದ ಮಣ್ಣು ಸರಿಸಿ, ನೆಲಮಟ್ಟಕ್ಕಿಂತ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕಡಿದು, ಇಡೀ ಬುಡವನ್ನು ತಲೆಕೆಳಗಾಗಿ ಇಡಬೇಕು. ಕೆಳಗೆ ಉಳಿದ ಬೇರಿನ ತುಂಡು ಚಿಗುರುವುದಿಲ್ಲ. ನೆಲದ ಮೇಲೆ ಒಂದು ಗೇಣು ಬಿಟ್ಟು ಕಡಿದರೆ ಮಾತ್ರ ಮುಂದಿನ ವರ್ಷ ಇಮ್ಮಡಿ ಪೊದೆ.

ಸೀಗೆಯಂಥ ಮುಳ್ಳಿನ ಬಳ್ಳಿ ಇರಲಿ, ಮೆತ್ತನೆಯ ಬಳ್ಳಿ ಇರಲಿ, ಸಸಿಗೆ ಸುತ್ತಿದ್ದನ್ನು ಮೇಲಿನಿಂದ ಎಳೆಯಬಾರದು. ಎಳೆದರೆ ಕುಡಿ ಮುರಿದು ಕೈಗೆ ಬರುತ್ತದೆ. ನೆಲಮಟ್ಟದಲ್ಲಿ ಒಮ್ಮೆ, ಎದೆಮಟ್ಟದಲ್ಲಿ ಒಮ್ಮೆ ಕತ್ತರಿಸಿ ಬಿಟ್ಟುಬಿಡಿ. ಮೇಲಿನದು ಒಣಗಿ ತಾನೇ ಉದುರುತ್ತದೆ. ಕಾಂಡಕ್ಕೆ ಬಿಗಿಯಾಗಿ ಸುತ್ತಿದ ಬಳ್ಳಿಯನ್ನು ಮಾತ್ರ ಸುರುಳಿ ಬಿಚ್ಚಿ ತೆಗೆಯಬೇಕು, ಇಲ್ಲವಾದರೆ ಮರ ದಪ್ಪಗಾದಂತೆ ಅದು ಸಿಪ್ಪೆಯೊಳಗೆ ಹೂತು ಕೂರುತ್ತದೆ.

ಈಗ ಲೆಕ್ಕಕ್ಕೆ ಬರೋಣ. 3 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 450 ಸಸಿ. ಪ್ರತಿ ಸಸಿಗೆ ಒಂದು ಮೀಟರ್ ಅಗಲದ ವೃತ್ತ ಎಂದರೆ 0.785 ಚದರ ಮೀಟರ್. ಎಲ್ಲ ಸೇರಿದರೆ 353 ಚದರ ಮೀಟರ್, ಅಂದರೆ ಎಕರೆಯ 40 ಗುಂಟೆಯಲ್ಲಿ ಮೂರೂವರೆ ಗುಂಟೆ. ಸಾಲಿನುದ್ದಕ್ಕೂ ಮೀಟರ್ ಅಗಲದ ಪಟ್ಟಿ ಸವರಿದರೆ 13 ಗುಂಟೆ ದಾಟುತ್ತದೆ. ಪೂರ್ತಿ ಸವರಿದರೆ 40. ಸಸಿಗೆ ಸಿಗುವ ಪ್ರಯೋಜನ ಮೂರರಲ್ಲೂ ಹೆಚ್ಚುಕಡಿಮೆ ಅಷ್ಟೇ, ಕೂಲಿ ಮಾತ್ರ ನಾಲ್ಕು ಪಟ್ಟಿನಿಂದ ಹನ್ನೊಂದು ಪಟ್ಟಿನವರೆಗೆ ಏರುತ್ತದೆ. ಉಳಿದ ದುಡ್ಡಿನಲ್ಲಿ ಅದೇ ವೃತ್ತವನ್ನು ವರ್ಷಕ್ಕೆ ಮೂರು ಸಲ ಮಾಡಬಹುದು. ಯುಪಟೋರಿಯಂ ಆಳೆತ್ತರ ಬೆಳೆದಿರುವಲ್ಲಿ ಒಂದು ಮೀಟರ್ ಸಾಲದು, ಸುತ್ತಲಿನದು ಮಳೆಯ ಭಾರಕ್ಕೆ ಒಳಕ್ಕೆ ಬಾಗುತ್ತದೆ. ಅಲ್ಲಿ ಒಂದೂವರೆ ಮೀಟರ್ ಮಾಡಿ; ಆಗಲೂ ಎಕರೆಗೆ ಎಂಟು ಗುಂಟೆಯಷ್ಟೇ. ಅಳತೆಗೆ ಟೇಪು ಬೇಡ. ಸಸಿಯಿಂದ ಎಲ್ಲ ಕಡೆಗೂ ಒಂದು ಮೊಳ ಇಟ್ಟರೆ ಸರಿಸುಮಾರು ಒಂದು ಮೀಟರಿನ ವೃತ್ತವಾಗುತ್ತದೆ.

ಕುಡಿಗೆ ಬೆಳಕು ಸಾಕಾಯಿತೇ ಎಂದು ನೋಡಲು ಸಸಿಯ ತುದಿಯ ಮೇಲೆ ಎಣ್ಣೆ ಹೊಯ್ಯುವ ಆಲಿಕೆ ಇಟ್ಟಂತೆ ಊಹಿಸಿಕೊಳ್ಳಿ. ಆಲಿಕೆಯ ಬಾಯೊಳಗೆ ಯಾವ ಎಲೆಯೂ ಬರಬಾರದು. ಅದರ ಹೊರಗೆ, ಪಕ್ಕದಲ್ಲಿ, ಕೆಳಗೆ ಏನಿದ್ದರೂ ಸಸಿಗೆ ತೊಂದರೆಯಿಲ್ಲ, ಎಷ್ಟೋ ಸಲ ಉಪಕಾರವೇ. ಬೆಳಕು ಬೇಡುವ ತೇಗ, ನಂದಿ, ಮತ್ತಿ, ಹೊನ್ನೆಗೆ ಆಲಿಕೆಯ ಬಾಯಿ ಅಗಲವಿರಲಿ. ಕಾನಿನ, ಅಂದರೆ ನಿತ್ಯಹಸಿರು ಕಾಡಿನ, ಜಾತಿಗಳಾದ ರಾಮಪತ್ರೆ, ಉಪ್ಪಾಗೆ, ಧೂಪಕ್ಕೆ ಎಳೆತನದಲ್ಲಿ ನೆರಳು ಬೇಕು. ಅವಕ್ಕೆ ಕುಡಿಯ ಮೇಲೆ ಕಿಂಡಿ ತೆರೆದರೆ ಸಾಕು, ಪಡುವಣ ದಿಕ್ಕಿನ ಹಳುವಂತೂ ಮುಟ್ಟಲೇಬಾರದು. ಒಂದೇ ಸಾಲಿನಲ್ಲಿ ತೇಗ, ಉಪ್ಪಾಗೆ, ಹೊನ್ನೆ ಹೀಗೆ ಬೆರೆಸಿ ನೆಟ್ಟಿದ್ದರೆ ಸವರುವವರಿಗೆ ಇದನ್ನು ಮೊದಲೇ ಹೇಳಿಕೊಡಬೇಕು. ಎಲ್ಲಕ್ಕೂ ಒಂದೇ ಅಳತೆ ಹಿಡಿದರೆ ಒಂದಕ್ಕೆ ಕತ್ತಲೆ, ಇನ್ನೊಂದಕ್ಕೆ ಬಿಸಿಲಿನ ಹೊಡೆತ.

ಹಳುವಿನಲ್ಲಿ ಬಹಳ ದಿನ ಮುಳುಗಿದ್ದ ಸಸಿಯನ್ನು ಒಂದೇ ದಿನ ಬಯಲಿಗೆ ತರಬಾರದು. ಸಸಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ, ಬುಡದ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದು ಭಾಗಿಸಿ ನೋಡಿ. ನರ್ಸರಿಯ ಗಟ್ಟಿ ಸಸಿಗೆ 6ರ ಆಸುಪಾಸು ಬರುತ್ತದೆ. ಹಳುವಿನೊಳಗಿನ 120 ಸೆಂಟಿಮೀಟರಿನ ಸಸಿಯ ಬುಡ 8 ಮಿಲಿಮೀಟರ್ ಇದ್ದರೆ 15 ಬಂತು. ಅದು ತನ್ನ ಕಾಲ ಮೇಲೆ ನಿಂತಿಲ್ಲ, ಹಳುವಿಗೆ ಒರಗಿ ನಿಂತಿದೆ. ಸುತ್ತಲಿನದನ್ನು ತೆಗೆದ ವಾರದಲ್ಲೇ ಗಾಳಿಮಳೆಗೆ ಬಗ್ಗಿ ನೆಲಕ್ಕೆ ಮೂತಿ ಇಡುತ್ತದೆ. 10 ದಾಟಿದ್ದಕ್ಕೆಲ್ಲ ಮೊದಲು ಕುಡಿಯ ಮೇಲಿನದನ್ನು ಮಾತ್ರ ತೆಗೆಯಿರಿ, ಪಕ್ಕದ್ದನ್ನು ತಿಂಗಳು ಒಂದೂವರೆ ತಿಂಗಳು ಬಿಟ್ಟು ತೆಗೆಯಿರಿ. ಅಲ್ಲಿಯವರೆಗೆ ಒಂದು ಗೂಟ ಕೊಟ್ಟು ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ದಾರ ಬೇಡ, ಕಟ್ಟಿದ್ದು ಮರೆತರೆ ಕುತ್ತಿಗೆ ಹಿಸುಕುತ್ತದೆ.

ಕೆಲಸದ ದಿನದ ಕ್ರಮ ಹೀಗಿರಲಿ. ಕತ್ತಿ ಹಿಡಿದವರು ನುಗ್ಗುವ ಮೊದಲು ಒಬ್ಬರು ಬರಿಗೈಯಲ್ಲಿ, ಕಂಕುಳಲ್ಲಿ ಕೋಲಿನ ಹೊರೆಯೊಂದಿಗೆ ಸಾಲು ಹಿಡಿದು ಹೋಗಬೇಕು. ಮೂರು ಮೀಟರಿಗೊಂದರಂತೆ ಸಸಿ ಇರಬೇಕಾದ ಜಾಗದಲ್ಲಿ ಕೈಯಿಂದ ಹಳು ಸರಿಸಿ, ಸಸಿ ಕಂಡರೆ ಅದರ ಪಕ್ಕ ಆಳೆತ್ತರದ ಕೋಲು ನೆಟ್ಟು ತುದಿಗೆ ಸುಣ್ಣ ಬಳಿಯಬೇಕು. ಯಾವಾಗಲೂ ಒಂದೇ ಪಕ್ಕಕ್ಕೆ, ಇಳಿಜಾರಾದರೆ ಮೇಲ್ಬದಿಗೆ, ಒಂದು ಗೇಣು ದೂರದಲ್ಲಿ. ಹಸಿ ಗೂಟ ನೆಟ್ಟರೆ ಅದೇ ಚಿಗುರಿ ಇನ್ನೊಂದು ಕಳೆಯಾಗುತ್ತದೆ, ಒಣ ಬಿದಿರು ಸೀಳು ಒಳ್ಳೆಯದು. ಇದೇ ಓಡಾಟದಲ್ಲಿ ತಾನಾಗಿ ಹುಟ್ಟಿದ ಮತ್ತಿ, ಹೊನ್ನೆ, ಬೀಟೆ, ಕಿಂದಳದ ಸಸಿ ಸಿಕ್ಕರೆ ಅದಕ್ಕೂ ಕೋಲು ಕೊಡಿ. ಆ ನೆಲಕ್ಕೆ ಒಗ್ಗಿ ಎದ್ದ ಸಸಿ ನಾವು ಪೊಟ್ಟಣದಿಂದ ನೆಟ್ಟದ್ದಕ್ಕಿಂತ ಎಷ್ಟೋ ಗಟ್ಟಿ. ಸತ್ತ ಸಸಿಯ ಪಕ್ಕ ಅಂಥದ್ದೊಂದು ಇದ್ದರೆ ಆ ಗುಂಡಿಗೆ ಮರುನಾಟಿಯೇ ಬೇಡ. ಗುರುತು ಹಾಕಿ ಮುಗಿದ ಮೇಲೆಯೇ ಕತ್ತಿ.

ಸಸಿಯ ಸುತ್ತ ಮೊದಲ ಒಂದು ಗೇಣು ಪೂರ್ತಿ ಕೈಯಲ್ಲೇ ಕೀಳಬೇಕು. ಅದರಾಚೆ ಕುಡುಗೋಲು ಅಥವಾ ಕತ್ತಿ, ಬೀಸು ಯಾವಾಗಲೂ ಸಸಿಯಿಂದ ಹೊರಮುಖವಾಗಿ. ವೃತ್ತದ ಹೊರಗೆ ದಾರಿ ಬಿಡಿಸಲು ಬೇಕಾದರೆ ಯಂತ್ರ. ಈಗ ಎಲ್ಲ ಕಡೆ ಕಳೆ ಕೊಚ್ಚುವ ಯಂತ್ರ ಬಂದಿದೆ, ಕೂಲಿಯ ಅಭಾವಕ್ಕೆ ಅದು ಬೇಕು ಕೂಡ. ಆದರೆ ನೈಲಾನ್ ದಾರದ ತಲೆಯನ್ನು ಸಸಿಯ ಹತ್ತಿರ ತಂದರೆ ಏನಾಗುತ್ತದೆ ಎಂದು ತಿಳಿದಿರಲಿ: ದಾರ ಕಾಂಡಕ್ಕೆ ಸುತ್ತು ಹೊಡೆದು ಸಿಪ್ಪೆಯನ್ನು ಉಂಗುರದ ಹಾಗೆ ಸುಲಿಯುತ್ತದೆ. ಸಸಿ ಆ ದಿನ ಹಸಿರಾಗೇ ಇರುತ್ತದೆ, ಎಲೆ ಬಾಡುವುದು ಕೆಲವು ವಾರಗಳ ನಂತರ. ಆಗ ನಾವು ರೋಗ ಎನ್ನುತ್ತೇವೆ. ಬುಡಕ್ಕೆ ಕೂತು ಬೆರಳಾಡಿಸಿದರೆ ಸುಲಿದ ಉಂಗುರ ಸಿಗುತ್ತದೆ. ಗಟ್ಟಿ ಹಳುವಿಗೆ ಉಕ್ಕಿನ ಬ್ಲೇಡೇ ಸರಿ, ಸಸಿಯಿಂದ ಅರ್ಧ ಮೀಟರಿನ ಒಳಗೆ ಅದು ಬರಬಾರದು. ಬ್ಲೇಡಿನ ಮುಂದಿನ ಬಲಭಾಗ ದಪ್ಪ ಕುಳೆಗೆ ತಾಗಿದರೆ ಯಂತ್ರ ಜಾಡಿಸಿ ಹಿಂದಕ್ಕೆ ಒದೆಯುತ್ತದೆ. ಕೊಯ್ಯುವುದು ಎಡಭಾಗದಿಂದ, ಬಲದಿಂದ ಎಡಕ್ಕೆ ಬೀಸುತ್ತ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು, ಬೇರೆಯವರು 15 ಮೀಟರ್ ದೂರ. ಎರಡು ಸ್ಟ್ರೋಕಿನ ಯಂತ್ರವಾದರೆ ಸಾಮಾನ್ಯವಾಗಿ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ. ನಿಮ್ಮ ಯಂತ್ರದ ಪುಸ್ತಕ ಬೇರೆ ಪ್ರಮಾಣ ಹೇಳಿದರೆ ಅದೇ ಅಂತಿಮ.

ಸವರಿದ್ದನ್ನು ಏನು ಮಾಡುವುದು? ಅಕ್ಟೋಬರಿನ ಗುದ್ದಲಿ ಕೆಲಸ ಮುಗಿದ ಮೇಲೆ ವೃತ್ತದೊಳಗೆ ನಾಲ್ಕೈದು ಬೆರಳು ದಪ್ಪಕ್ಕೆ ಸೊಪ್ಪು, ದರಕು ಹಾಸಿ. ನೆಲದ ತೇವ ಉಳಿಯುತ್ತದೆ, ಹುಲ್ಲು ಮತ್ತೆ ಏಳುವುದು ತಡವಾಗುತ್ತದೆ. ಬುಡಕ್ಕೆ ತಾಗಿಸಬೇಡಿ, ಅರ್ಧ ಗೇಣು ಬಿಡಿ, ಒರಲೆ (ಗೆದ್ದಲು) ಹಾಸಿನಿಂದಲೇ ಸಿಪ್ಪೆಗೆ ಹತ್ತುತ್ತದೆ. ಬೀಜ ಕಟ್ಟಿದ ಯುಪಟೋರಿಯಂ ಹಾಸಬೇಡಿ. ದಪ್ಪ ಕಡ್ಡಿ, ಜಿಗ್ಗನ್ನು ಸಾಲಿನ ನಡುವೆ ಎಳೆದು ನೆಲಕ್ಕೆ ತಾಗುವಂತೆ ತುಳಿದುಬಿಡಿ, ಮುಂದಿನ ಮಳೆಯಲ್ಲಿ ಕೊಳೆಯುತ್ತದೆ. ರಾಶಿ ಹಾಕಿ ಬಿಟ್ಟರೆ ಫೆಬ್ರವರಿಯಿಂದ ಅದು ಬೆಂಕಿಯ ಗೂಡು. ಬೆಟ್ಟದ ಅಂಚಿನಲ್ಲಿ, ದಾರಿಯ ಪಕ್ಕದಲ್ಲಿ ಡಿಸೆಂಬರಿನೊಳಗೆ ಬೆಂಕಿ ರೇಖೆ ಆಗಿರಬೇಕು. ಅಕೇಶಿಯಾ ಹತ್ತಿರವಿದ್ದರಂತೂ ಬೆಂಕಿಯ ನಂತರ ಅದರ ಬೀಜ ಒತ್ತೊತ್ತಾಗಿ ಹುಟ್ಟಿ ಇನ್ನೊಂದು ಸುತ್ತಿನ ಪೈಪೋಟಿ ಶುರುವಾಗುತ್ತದೆ.

ತೇಗ ನೆಟ್ಟವರಿಗೆ ಇದೇ ಓಡಾಟದಲ್ಲಿ ಇನ್ನೊಂದು ಕೆಲಸ. ಬೇರುಗಡ್ಡೆಯಿಂದ ನೆಟ್ಟ ತೇಗ ಎರಡು ಮೂರು ಚಿಗುರು ಕೊಡುತ್ತದೆ. ಒಂದು ಗೇಣು ಎತ್ತರವಾಗುವಾಗ ನೆಟ್ಟಗಿನ, ಬುಡಕ್ಕೆ ಹತ್ತಿರದ ಒಂದನ್ನು ಉಳಿಸಿ ಉಳಿದದ್ದನ್ನು ಚಾಕುವಿನಿಂದ ಕೊಯ್ಯಿರಿ. ಕೈಯಿಂದ ಕಿತ್ತರೆ ಸಿಪ್ಪೆ ಹರಿಯುತ್ತದೆ.

ಸಿದ್ದಾಪುರದ ಕಡೆಯವರಿಗೆ ಹೆಚ್ಚು ಒತ್ತಿ ಹೇಳಬೇಕಾದ್ದು ಉಣುಗಿನ ವಿಷಯ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಎಳೆ ಉಣುಗು ಮಳೆ ಮುಗಿದ ನಂತರ, ನವೆಂಬರಿನಿಂದ ಮೇ ತನಕ ದರಕಿನಲ್ಲಿ ಹೆಚ್ಚು. ಹಳುವಿನೊಳಗೆ ನುಗ್ಗುವ ಕೆಲಸವನ್ನೆಲ್ಲ ಅಕ್ಟೋಬರಿನೊಳಗೆ ಮುಗಿಸಲು ಇದೂ ಒಂದು ಕಾರಣ. ಮಳೆಗಾಲದಲ್ಲಿ ಉಂಬಳ ಕಚ್ಚಿದರೆ ರಕ್ತ ಹೋಗುತ್ತದೆ, ಅಷ್ಟೇ, ಉಣುಗು ಹಾಗಲ್ಲ. ಆಮೇಲೆ ಹೋಗಲೇಬೇಕಾದರೆ ಮೈಮುಚ್ಚುವ ಬಟ್ಟೆ, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಮಂಗ ಸತ್ತು ಬಿದ್ದದ್ದು ಕಂಡ ಜಾಗದಲ್ಲಿ ಕೆಲಸ ನಿಲ್ಲಿಸಿ ಆಸ್ಪತ್ರೆಗೆ ತಿಳಿಸಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ‘ಹಳು ತೆಗೆದ ಕೂಡಲೇ ದನಕ್ಕೆ ಸಸಿ ಕಾಣುತ್ತದಲ್ಲ?’ ಎಂದು ಒಬ್ಬರು ಕೇಳಿದರು. ಸರಿಯಾದ ಮಾತು. ಅದಕ್ಕೇ ಪೂರ್ತಿ ಬೋಳಿಸಬಾರದು ಎನ್ನುವುದು. ವೃತ್ತದ ಹೊರಗಿನ ಮುಳ್ಳಿನ ಪೊದೆಯನ್ನು, ಲಂಟಾನವನ್ನೂ ಸಹ, ಸಸಿ ದನದ ಬಾಯಿಗೆ ಮೀರುವವರೆಗೆ ಬೇಲಿಯ ಹಾಗೆ ಉಳಿಸಿಕೊಳ್ಳಬಹುದು. ಕಿತ್ತ ಮುಳ್ಳನ್ನು ವೃತ್ತದ ಅಂಚಿಗೆ ಸುತ್ತ ಇಟ್ಟರೂ ಒಂದು ಬೇಸಿಗೆ ದಾಟುತ್ತದೆ. ಬೆಟ್ಟದ ಸುತ್ತ ಅಗಳ (ಕಂದಕ) ಗಟ್ಟಿಯಿದ್ದರೆ ಈ ಚಿಂತೆ ಅರ್ಧ ಕಡಿಮೆ.

ಇನ್ನೊಂದು ಪ್ರಶ್ನೆ, ‘ಎಷ್ಟು ವರ್ಷ ಮಾಡಬೇಕು, ನಿಲ್ಲಿಸುವುದು ಯಾವಾಗ?’ ವರ್ಷ ಎಣಿಸಬೇಡಿ, ಸಸಿ ಎಣಿಸಿ. 5 ಮೀಟರ್ 67 ಸೆಂಟಿಮೀಟರ್ ಉದ್ದದ ಹಗ್ಗ ತನ್ನಿ. ಒಂದು ತುದಿಯನ್ನು ಗೂಟಕ್ಕೆ ಕಟ್ಟಿ ಇನ್ನೊಂದು ತುದಿ ಹಿಡಿದು ಸುತ್ತು ಬಂದರೆ ಒಳಗೆ ಸಿಗುವ ಜಾಗ ಸರಿಯಾಗಿ ಒಂದು ಗುಂಟೆ. 3 ಮೀಟರ್ ಅಂತರದಲ್ಲಿ ಅದರೊಳಗೆ 11 ಸಸಿ ಇರಬೇಕು. ತಾನಾಗಿ ಹುಟ್ಟಿದ ಒಳ್ಳೆಯ ಜಾತಿಯ ಸಸಿಯನ್ನೂ ಸೇರಿಸಿ ಎಣಿಸಿ. ಯಾವುದರ ಕುಡಿ ಸುತ್ತಲಿನ ಒಂದು ಮೀಟರಿನೊಳಗಿನ ಎಲ್ಲ ಹಳುವಿಗಿಂತ ಮೇಲಿದೆಯೋ, ಬಳ್ಳಿ ಸುತ್ತಿಲ್ಲವೋ, ಕೈಯಿಂದ ಬಗ್ಗಿಸಿ ಬಿಟ್ಟರೆ ನೆಟ್ಟಗೆ ನಿಲ್ಲುತ್ತದೆಯೋ ಅದು ಪಾರಾದ ಸಸಿ. ಎಕರೆಗೆ ನಾಲ್ಕೈದು ಕಡೆ, ದಾರಿಯ ಪಕ್ಕ ಮಾತ್ರವಲ್ಲ ಒಳಗೂ, ಹೀಗೆ ಹಗ್ಗ ಹಾಕಿ. ಗುಂಟೆಗೆ 8 ಪಾರಾಗಿದ್ದರೆ ಆ ತುಂಡಿನಲ್ಲಿ ಕತ್ತಿ ಇಳಿಸಿ, ಇನ್ನು ಮುಂದೆ ವರ್ಷಕ್ಕೊಮ್ಮೆ ಬಳ್ಳಿ ಮಾತ್ರ ನೋಡಿ. 5ಕ್ಕಿಂತ ಕಡಿಮೆ ಇದ್ದರೆ ಮರುನಾಟಿಗೆ ಓಡಬೇಡಿ; ಮೊದಲು ಹಳುವಿನಡಿ ಬಗ್ಗಿ ನೋಡಿ, ಸಸಿ ಇನ್ನೂ ಅಲ್ಲೇ ಇರಬಹುದು.